ಒಂದು ದೇಶ, ಐನೂರು ಮಾತು: ನೈಜೀರಿಯಾದ ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕು?



ನಮ್ಮ ತರಗತಿಯ ಪ್ರಪಂಚ ಭೂಪಟದಲ್ಲಿ ಆಫ್ರಿಕಾ ಖಂಡವನ್ನು ಒಮ್ಮೆ ನೋಡಿ. ಎಡಗಡೆಯಲ್ಲಿ ಸಮುದ್ರ ಒಳಕ್ಕೆ ಬಾಗಿದ ಕಡೆ ನೈಜೀರಿಯಾ ಎಂಬ ದೇಶವಿದೆ. ಇದರ ವಿಸ್ತೀರ್ಣ ಸುಮಾರು 9 ಲಕ್ಷ 23 ಸಾವಿರ ಚದರ ಕಿಲೋಮೀಟರ್. ಭಾರತದ ಮೂರನೇ ಒಂದು ಭಾಗವೂ ಇಲ್ಲ. ಆದರೆ ಅಲ್ಲಿ 20 ಕೋಟಿಗಿಂತ ಹೆಚ್ಚು ಜನರಿದ್ದಾರೆ. ಆಫ್ರಿಕಾದಲ್ಲಿ ಇಷ್ಟು ಜನರಿರುವ ದೇಶ ಇನ್ನೊಂದಿಲ್ಲ. 1960ರ ಅಕ್ಟೋಬರ್ 1ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ಈ ದೇಶದಲ್ಲಿ 500ಕ್ಕೂ ಹೆಚ್ಚು ಭಾಷೆಗಳಿವೆ! ಹಾಗಾದರೆ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು ಯಾವ ಭಾಷೆಯಲ್ಲಿ ಪಾಠ ಹೇಳಬೇಕು? ಈ ಪ್ರಶ್ನೆಯನ್ನು ತಿಳಿಯೋದಕ್ಕೇ ಈ ಲೇಖನ.

ಮೂರು ದೊಡ್ಡ ಭಾಷೆಗಳು

ಉತ್ತರದಲ್ಲಿ ಹೌಸಾ, ನೈರುತ್ಯದಲ್ಲಿ ಯೊರುಬಾ, ಆಗ್ನೇಯದಲ್ಲಿ ಇಗ್ಬೊ. ಇವು ಮೂರು ದೊಡ್ಡ ಭಾಷೆಗಳು. ಇವಲ್ಲದೆ ಫುಲ್ಫುಲ್ಡೆ, ಕನೂರಿ, ತಿವ್, ಇಜೊ, ಎಡೊ, ಇಬಿಬಿಯೊ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಕೆಲವು ಭಾಷೆಗಳನ್ನು ಕೋಟಿಗಟ್ಟಲೆ ಜನ ಆಡಿದರೆ, ಕೆಲವನ್ನು ಒಂದೆರಡು ಹಳ್ಳಿಯವರು ಮಾತ್ರ ಆಡುತ್ತಾರೆ.

ಇವೆಲ್ಲ ಒಂದೇ ಬಳ್ಳಿಯ ಕಾಯಿಗಳಲ್ಲ. ಹೌಸಾ ಭಾಷೆ ಅರಬ್ಬಿಗೆ ದೂರದ ನಂಟು. ಯೊರುಬಾ, ಇಗ್ಬೊಗಳು ಬೇರೆಯೇ ಕುಟುಂಬ. ಚಾಡ್ ಸರೋವರದ ಕಡೆಯ ಕನೂರಿ ಮೂರನೆಯ ಕುಟುಂಬದ್ದು. ಕನ್ನಡಕ್ಕೂ ಹಿಂದಿಗೂ ಇರುವ ಅಂತರದಂತೆ ಇದು.

ಯೊರುಬಾದಲ್ಲಿ ಒಂದು ವಿಶೇಷ. ಅಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲು. 'ಒಕೊ' ಎಂಬ ಪದವನ್ನು ಒಂದು ರೀತಿ ಹೇಳಿದರೆ ಗಂಡ, ಕೊನೆಯಲ್ಲಿ ದನಿ ಏರಿಸಿದರೆ ಗುದ್ದಲಿ, ಇಳಿಸಿದರೆ ವಾಹನ! ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ನಮ್ಮಲ್ಲಿ ನೀನು, ನೀವು ಇರುವ ಹಾಗೆ ಅವರಲ್ಲೂ ಇದೆ. ಬೆಳಿಗ್ಗೆ ಓರಗೆಯವರು ಎದುರಾದರೆ 'ಕಾರೊ' ಅಂದರೆ ಸಾಕು. ಹಿರಿಯರಿಗೆ 'ಎ ಕಾರೊ' ಅನ್ನಬೇಕು. ಆ 'ಎ' ಎಂಬುದೇ ಮರ್ಯಾದೆ.

ಲೆಕ್ಕವೂ ಬೇರೆ ಥರ. ನಾವು ಹತ್ತುಗಳಲ್ಲಿ ಎಣಿಸಿದರೆ ಯೊರುಬಾದವರು ಇಪ್ಪತ್ತುಗಳಲ್ಲಿ ಎಣಿಸುತ್ತಾರೆ. ಹದಿನೈದು ಅನ್ನೋದಕ್ಕೆ 'ಇಪ್ಪತ್ತಕ್ಕೆ ಐದು ಕಮ್ಮಿ' ಎಂಬ ಅರ್ಥದ ಪದ. ಐವತ್ತು ಎಂದರೆ ಮೂರು ಇಪ್ಪತ್ತಕ್ಕೆ ಹತ್ತು ಕಮ್ಮಿ. ಹಾಗಾದರೆ ನಲವತ್ತೈದು? ಐವತ್ತಕ್ಕೆ ಐದು ಕಮ್ಮಿ. ಹೀಗೆ ಕಳೆಯುವ ಲೆಕ್ಕ ಅಲ್ಲಿನ ಮಗುವಿಗೆ ಮಾತಿನ ಜೊತೆಯಲ್ಲೇ ಬಂದಿರುತ್ತದೆ.

ಒಂದು ದಿನ, ನಾಲ್ಕು ಮಾತು

ದೇಶದ ನಡುಭಾಗದಲ್ಲಿ ಜಾಸ್ ಎಂಬ ನಗರವಿದೆ. ಅಲ್ಲಿ ತರಕಾರಿ ಮಾರುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಮನೆಯಲ್ಲಿ ಮಕ್ಕಳನ್ನು ಎಬ್ಬಿಸುವುದು ಬೆರೋಮ್ ಭಾಷೆಯಲ್ಲಿ. ಸಂತೆಯಲ್ಲಿ ಚೌಕಾಸಿ ಹೌಸಾದಲ್ಲಿ. ದಕ್ಷಿಣದಿಂದ ಬಂದ ಲಾರಿಯವನ ಹತ್ತಿರ ಪಿಜಿನ್‌ನಲ್ಲಿ. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಮಾತ್ರ ಇಂಗ್ಲಿಷಿನಲ್ಲಿ. ಶಾಲೆಗೆ ಹೋಗದಿದ್ದರೂ ಮೂರು ಭಾಷೆ ಆಡುವವರು ಅಲ್ಲಿ ಎಷ್ಟೋ ಜನ. ಅವರನ್ನು ದಡ್ಡರು ಅನ್ನೋಕಾಗುತ್ತದೆಯೇ?

ಪಿಜಿನ್ ಅಂದರೇನು? ಕರಾವಳಿಯಲ್ಲಿ ಯುರೋಪಿನ ವ್ಯಾಪಾರಿಗಳೂ ಸ್ಥಳೀಯರೂ ವ್ಯವಹಾರ ಮಾಡುವಾಗ ಹುಟ್ಟಿಕೊಂಡ ಬೆರಕೆ ಮಾತು. ಪದಗಳು ಹೆಚ್ಚಾಗಿ ಇಂಗ್ಲಿಷಿನವು, ಜೋಡಣೆ ಮಾತ್ರ ಬೇರೆ. 'ಹೌ ಯು ಡೇ?' ಅಂದರೆ ಹೇಗಿದ್ದೀಯ ಎಂದು. 'ಐ ನೋ ಸಾಬಿ' ಅಂದರೆ ನಂಗೊತ್ತಿಲ್ಲ. ಈ 'ಸಾಬಿ' ಎಂಬುದು ಪೋರ್ಚುಗೀಸ್ ಪದ. ಮಗುವಿಗೆ 'ಪಿಕಿನ್' ಅಂತಾರೆ, ಅದೂ ಪೋರ್ಚುಗೀಸಿನಿಂದಲೇ. ಲಾಗೋಸ್ ನಗರದ ಹೆಸರೂ ಅವರು ಇಟ್ಟದ್ದೇ. ಅದೇ ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೂ ಬಂದರಲ್ಲ! ನಾವು ದಿನಾ ಆಡುವ ಮೇಜು, ಚಾವಿ, ಬಟಾಟೆ ಅವರ ಮಾತಿನಿಂದ ಬಂದವು. ಒಂದೇ ಹಡಗಿನವರ ಮಾತು ಎರಡು ದಡದಲ್ಲೂ ಉಳಿದಿದೆ.

ಇಂಗ್ಲಿಷ್ ಉಳಿದದ್ದು ಏಕೆ?

ಸ್ವಾತಂತ್ರ್ಯ ಬಂದ ಮೇಲೂ ಆಡಳಿತ ಭಾಷೆ ಇಂಗ್ಲಿಷೇ ಆಯಿತು. ಹೌಸಾ ಮಾಡೋಣವೆಂದರೆ ದಕ್ಷಿಣದವರಿಗೆ ಭಯ. ಯೊರುಬಾ ಅಥವಾ ಇಗ್ಬೊ ಎಂದರೆ ಉಳಿದವರಿಗೆ ಅಸಮಾಧಾನ. ಒಬ್ಬರ ಮೇಲೊಬ್ಬರಿಗೆ ಇದ್ದ ಅಪನಂಬಿಕೆ ಎಷ್ಟೆಂದರೆ 1967ರಿಂದ 1970ರವರೆಗೆ ಆ ದೇಶದಲ್ಲಿ ಅಂತರ್ಯುದ್ಧವೇ ನಡೆಯಿತು. ಭಾಷೆ ಒಂದೇ ಅದಕ್ಕೆ ಕಾರಣವಲ್ಲ, ಆದರೆ ಭಾಷೆಯ ವಿಷಯ ಮುಟ್ಟಲು ಎಲ್ಲರೂ ಹೆದರಿದರು. ಯಾರದ್ದೂ ಅಲ್ಲದ ಇಂಗ್ಲಿಷ್ ಎಲ್ಲರಿಗೂ ಸಮ ಅನ್ನಿಸಿತು.

1999ರ ಸಂವಿಧಾನದ 55ನೇ ವಿಧಿಯ ಪ್ರಕಾರ ಅಲ್ಲಿನ ಸಂಸತ್ತಿನ ಕಲಾಪ ಇಂಗ್ಲಿಷಿನಲ್ಲಿ ನಡೆಯಬೇಕು. ಸರಿಯಾದ ಏರ್ಪಾಟು ಆದಾಗ ಹೌಸಾ, ಇಗ್ಬೊ, ಯೊರುಬಾಗಳಲ್ಲೂ ನಡೆಸಬಹುದು.

ಆದರೆ ಇಂಗ್ಲಿಷ್ ನಿಜವಾಗಿಯೂ ಎಲ್ಲರಿಗೂ ಸಮವೇ? ಪಟ್ಟಣದಲ್ಲಿ ಓದಿದ ತಂದೆ ತಾಯಿಯ ಮಗು ಅದನ್ನು ಮನೆಯಲ್ಲೇ ಕೇಳಿರುತ್ತದೆ. ಹಳ್ಳಿಯ ಮಗುವಿಗೆ ಶಾಲೆಯ ಮೊದಲ ದಿನವೇ ಅರ್ಥವಾಗದ ಮಾತು. ಲೆಕ್ಕ ಗೊತ್ತಿದ್ದರೂ ಪ್ರಶ್ನೆ ಗೊತ್ತಾಗುವುದಿಲ್ಲ. ಸುಮ್ಮನೆ ಕೂರುತ್ತದೆ. ದಡ್ಡ ಎಂಬ ಹೆಸರು ಬರುತ್ತದೆ.

ಇಫೆ ಊರಿನ ಪ್ರಯೋಗ

ಇದನ್ನು ಪರೀಕ್ಷೆ ಮಾಡಿಯೇ ನೋಡೋಣ ಎಂದು ಹೊರಟವರು ಶಿಕ್ಷಣ ತಜ್ಞ ಬಾಬ್ಸ್ ಫಾಫುನ್ವಾ. ಯೊರುಬಾ ನಾಡಿನ ಇಫೆ ವಿಶ್ವವಿದ್ಯಾಲಯದಲ್ಲಿದ್ದ ಅವರು ತಮ್ಮ ಸಂಗಡಿಗರ ಜೊತೆ 1970ರಲ್ಲಿ ಪ್ರಯೋಗ ಶುರು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ಪ್ರಾಥಮಿಕ ಶಾಲೆಯ ಆರೂ ವರ್ಷ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಯೊರುಬಾದಲ್ಲೇ ಕಲಿಸಿದರು. ಇಂಗ್ಲಿಷನ್ನು ಒಂದು ವಿಷಯವಾಗಿ, ಅದನ್ನು ಚೆನ್ನಾಗಿ ಬಲ್ಲ ಶಿಕ್ಷಕರಿಂದ ಕಲಿಸಿದರು. ಇನ್ನೊಂದು ಗುಂಪಿಗೆ ಹಳೆಯ ಪದ್ಧತಿ: ಮೊದಲ ಮೂರು ವರ್ಷ ಯೊರುಬಾ, ಆಮೇಲೆ ಎಲ್ಲವೂ ಇಂಗ್ಲಿಷ್.

ಕೆಲಸ ಸುಲಭವಿರಲಿಲ್ಲ. ಯೊರುಬಾದಲ್ಲಿ ವಿಜ್ಞಾನದ ಪುಸ್ತಕಗಳೇ ಇರಲಿಲ್ಲ. ಹೊಸ ಪದಗಳನ್ನು ಕಟ್ಟಿ, ಪಾಠಗಳನ್ನು ಬರೆದು, ಶಿಕ್ಷಕರಿಗೆ ತರಬೇತಿ ಕೊಟ್ಟರು. ಫಲಿತಾಂಶ ಏನು ಗೊತ್ತೇ? ಆರು ವರ್ಷ ಯೊರುಬಾದಲ್ಲಿ ಕಲಿತ ಮಕ್ಕಳು ಉಳಿದವರಿಗಿಂತ ಹಿಂದೆ ಬೀಳಲಿಲ್ಲ, ಮುಂದೆಯೇ ಇದ್ದರು. ಇಂಗ್ಲಿಷ್ ವಿಷಯದಲ್ಲೂ! ಮನೆಮಾತಿನಲ್ಲಿ ಬುದ್ಧಿ ಗಟ್ಟಿಯಾದರೆ ಇನ್ನೊಂದು ಭಾಷೆ ಕಲಿಯೋದು ಸುಲಭ ಎಂಬುದು ಇದರಿಂದ ತಿಳಿದುಬಂತು.

ಆಮೇಲೆ ಏನಾಯಿತು?

1977ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮೊದಲ ತರಗತಿಗಳಿಗೆ ಮನೆಮಾತು ಅಥವಾ ಸುತ್ತಲಿನ ಭಾಷೆ ಇರಬೇಕು ಎಂದು ಬರೆದರು. ಆದರೆ ಕಾಗದದ ಮೇಲಿನ ಮಾತು ತರಗತಿಗೆ ಸರಿಯಾಗಿ ಬರಲಿಲ್ಲ. 2022ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯ ಆರೂ ವರ್ಷ ಮಾತೃಭಾಷೆ ಎಂದು ಹೊಸ ಭಾಷಾ ನೀತಿ ತಂದಿತು. ಮೂರೇ ವರ್ಷಕ್ಕೆ, 2025ರ ನವೆಂಬರ್‌ನಲ್ಲಿ, ಅದನ್ನು ರದ್ದು ಮಾಡಿ ಮತ್ತೆ ಇಂಗ್ಲಿಷ್ ಮಾಧ್ಯಮ ಎಂದಿತು. ಮಾತೃಭಾಷೆಯಲ್ಲಿ ಕಲಿತ ಕಡೆ ದೊಡ್ಡ ಪರೀಕ್ಷೆಗಳಲ್ಲಿ ಹೆಚ್ಚು ಮಕ್ಕಳು ಫೇಲಾಗುತ್ತಿದ್ದಾರೆ ಎಂಬುದು ಶಿಕ್ಷಣ ಸಚಿವರು ಕೊಟ್ಟ ಕಾರಣ. ಅನೇಕ ಭಾಷಾ ತಜ್ಞರು ಇದನ್ನು ಒಪ್ಪಲಿಲ್ಲ. ಸರಿಯಾಗಿ ಜಾರಿಗೇ ಬರದ ನೀತಿಯನ್ನು ದೂರುವುದು ಹೇಗೆ ಎಂದು ಕೇಳಿದರು.

ಎರಡು ಕಡೆಯ ಕಷ್ಟವನ್ನೂ ನಾವು ನೋಡಬೇಕು. ಯೊರುಬಾಕ್ಕೆ ಲಿಪಿ ಇದೆ, ಪುಸ್ತಕ ಇದೆ, ಪತ್ರಿಕೆ ಇದೆ. ಎರಡು ಹಳ್ಳಿಯವರು ಆಡುವ ಭಾಷೆಗೆ ಪುಸ್ತಕ ಬರೆಯುವವರು ಯಾರು? ಲಾಗೋಸ್‌ನ ಒಂದೇ ತರಗತಿಯಲ್ಲಿ ಹತ್ತು ಮನೆಮಾತಿನ ಮಕ್ಕಳಿದ್ದರೆ ಮೇಷ್ಟ್ರು ಏನು ಮಾಡಬೇಕು? ಕೆಲಸ ಸಿಗೋದು ಇಂಗ್ಲಿಷ್ ಬಂದವರಿಗೆ ಎಂದು ತಂದೆ ತಾಯಂದಿರು ಹೇಳಿದರೆ ಅದೂ ಸುಳ್ಳಲ್ಲ. ಆದರೆ ಇಂಗ್ಲಿಷ್ ಬೇಕು ಎಂಬುದು ಒಂದು ಮಾತು, ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಯಬೇಕು ಎಂಬುದು ಇನ್ನೊಂದು. ಇವೆರಡೂ ಒಂದೇ ಅಲ್ಲ ಎಂಬುದನ್ನೇ ಇಫೆಯ ಮಕ್ಕಳು ತೋರಿಸಿಕೊಟ್ಟರು.

ನಾವು ತಿಳಿಯಬೇಕಾದದ್ದು

ಗೆಳೆಯರೇ, ಶಾಲೆಯ ಮಾತು ಬಾರದವನು ದಡ್ಡನಲ್ಲ. ಅವನ ತಲೆಯಲ್ಲಿ ಇನ್ನೊಂದು ಭಾಷೆ ತುಂಬಿಕೊಂಡಿದೆ, ಅಷ್ಟೇ. ನಮ್ಮ ತರಗತಿಯಲ್ಲೂ ಮನೆಯಲ್ಲಿ ಬೇರೆ ಮಾತು ಆಡುವವರಿದ್ದಾರೆ. ಅವರು ತಡವರಿಸಿದಾಗ ನಾವು ನಕ್ಕಿದ್ದೇವೆ. ನಾನೂ ನಕ್ಕಿದ್ದೇನೆ. ಈ ಲೇಖನಕ್ಕೆ ಓದಿಕೊಂಡ ಮೇಲೆ ಅದು ತಪ್ಪು ಅನ್ನಿಸಿತು. ಗುರುಗಳಲ್ಲಿಯೂ ಒಂದು ವಿನಂತಿ: ಉತ್ತರ ಬಾರದಿದ್ದಾಗ, ಪ್ರಶ್ನೆ ತಿಳಿಯಿತೇ ಎಂದು ಒಮ್ಮೆ ಕೇಳಿ.

ಈ ಹಾಳೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. 'ಊಟ ಆಯ್ತಾ?' ಎಂಬುದನ್ನು ನಿಮ್ಮ ಮನೆಮಾತಿನಲ್ಲಿ ಹೇಗೆ ಹೇಳುತ್ತೀರೋ ಕನ್ನಡ ಅಕ್ಷರದಲ್ಲೇ ಬರೆಯಿರಿ. ನಮ್ಮ ಒಂದು ಶಾಲೆಯಲ್ಲಿ ಎಷ್ಟು ಮಾತುಗಳಿವೆ ಎಂದು ಮುಂದಿನ ಸಂಚಿಕೆಯಲ್ಲಿ ಎಣಿಸೋಣ.