ಫೋರ್ ವೀಲ್ ದೀಪ ಮಿನುಗಿದರೆ: ದೋಷ ಪೆಟ್ಟಿಗೆಯಲ್ಲೋ, ತಂತಿಯಲ್ಲೋ?



ಮಳೆ ಬಿದ್ದ ಮರುದಿನ ಪಿಕಪ್ ವಾಹನದಲ್ಲಿ ಗೊಬ್ಬರ ಹೇರಿಕೊಂಡು ಹೊಲಕ್ಕೆ ಹೊರಟಿದ್ದೀರಿ. ಕೊಡಿಕೊಂಡದ ಬಳಿ 44ನೇ ರಾಷ್ಟ್ರೀಯ ಹೆದ್ದಾರಿ ಬಿಟ್ಟು ಕೆಸರು ದಾರಿಗೆ ಇಳಿದು ಫೋರ್ ವೀಲ್ ಸ್ವಿಚ್ಚು ತಿರುಗಿಸಿದಿರಿ. ದೀಪ ಮಿನುಗಿತೇ ಹೊರತು ಮುಂದಿನ ಚಕ್ರಗಳು ಎಳೆಯಲಿಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ, "ಮಾಡ್ಯೂಲ್ ಹೋಗಿದೆ, ಬದಲಿಸಬೇಕು" ಎಂದರು. ದೊಡ್ಡ ಮೊತ್ತ ಕೊಡುವ ಮೊದಲು ಈ ಪಾಠವನ್ನು ಒಮ್ಮೆ ಓದಿರಿ.

ವ್ಯವಸ್ಥೆ ಹೇಗಿದೆ?

ಹಳೆಯ ಜೀಪಿನಲ್ಲಿಯೂ ಬಹುಪಾಲು ಫೋರ್ ವೀಲ್ ಟ್ರ್ಯಾಕ್ಟರುಗಳಲ್ಲಿಯೂ ಲಿವರ್ ಎಳೆದರೆ ಗೇರು ನೇರವಾಗಿ ಕೂಡುತ್ತದೆ. ಅಲ್ಲಿ ಈ ಪಾಠ ಅನ್ವಯಿಸುವುದಿಲ್ಲ. ಸ್ವಿಚ್ಚಿರುವ ವಾಹನಗಳಲ್ಲಿ ಸಾಮಾನ್ಯವಾಗಿ ನಿಮ್ಮ ಅಪ್ಪಣೆ ಮೊದಲು ಒಂದು ನಿಯಂತ್ರಣ ಪೆಟ್ಟಿಗೆಗೆ ಹೋಗುತ್ತದೆ. ಗ್ಯಾರೇಜಿನವರು ಮಾಡ್ಯೂಲ್ ಎನ್ನುವುದು ಇದನ್ನೇ. ಅದು ಎಂಜಿನ್ನಿನ ಪೆಟ್ಟಿಗೆಯನ್ನೂ ಬ್ರೇಕಿನ ಪೆಟ್ಟಿಗೆಯನ್ನೂ ವೇಗವೆಷ್ಟು ಎಂದು ವಿಚಾರಿಸಿ, ಆಮೇಲೆ ಟ್ರಾನ್ಸ್‌ಫರ್ ಕೇಸಿನ ಮೋಟಾರನ್ನು ತಿರುಗಿಸುತ್ತದೆ. ಈ ಮಾತುಕತೆಯೆಲ್ಲ ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೇಲೆ ನಡೆಯುತ್ತದೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಈ ಏರ್ಪಾಟಿಗೆ 'ಕ್ಯಾನ್' ಎಂದು ಹೆಸರು.

ಸಂಕೇತದ ಅರ್ಥ

ಸ್ಕ್ಯಾನರಿನಲ್ಲಿ 'ಯು' ಅಕ್ಷರದಿಂದ ಆರಂಭವಾಗುವ ಸಂಕೇತ ಬಂದರೆ ಅದು ಸಂಪರ್ಕ ದೋಷ. ಯು 0102 ಎಂದರೆ ಟ್ರಾನ್ಸ್‌ಫರ್ ಕೇಸಿನ ಪೆಟ್ಟಿಗೆಯೊಡನೆ, ಯು 0114 ಎಂದರೆ ಫೋರ್ ವೀಲ್ ಕ್ಲಚ್ಚಿನ ಪೆಟ್ಟಿಗೆಯೊಡನೆ ಮಾತು ನಿಂತಿದೆ ಎಂದರ್ಥ. ಬಾಗೇಪಲ್ಲಿಯಲ್ಲಿ ನೋಡಿಸಿದರೂ ಹಿಂದೂಪುರದಲ್ಲಿ ನೋಡಿಸಿದರೂ ಈ ಸಂಕೇತಗಳ ಅರ್ಥ ಒಂದೇ. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ.

ಇಲ್ಲಿಯೇ ಹಲವರು ಎಡವುವುದು. ಕಟಾವು ಚೀಟಿ ಕೈಸೇರಲಿಲ್ಲವೆಂದರೆ ನಿಮ್ಮ ಕಬ್ಬು ಕೆಟ್ಟಿದೆ ಎಂದು ಅರ್ಥವೇ? ಚೀಟಿ ತರುವವನು ದಾರಿಯಲ್ಲಿ ನಿಂತಿರಬಹುದು. ಹಾಗೆಯೇ ಈ ಸಂಕೇತ ಹೇಳುವುದು "ಉತ್ತರ ಬರಲಿಲ್ಲ" ಎಂದಷ್ಟೇ. ಉತ್ತರ ಕೊಡದ ಪೆಟ್ಟಿಗೆ ಕೆಟ್ಟಿರಬಹುದು, ಅದಕ್ಕೆ ಕರೆಂಟು ಬಾರದಿರಬಹುದು, ಇಲ್ಲವೆ ನಡುವಿನ ತಂತಿ ತುಂಡಾಗಿರಬಹುದು.

ಪರೀಕ್ಷೆಯ ಕ್ರಮ

ಮೊದಲು ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಚಕ್ರಗಳಿಗೆ ಕಲ್ಲು ಕೊಡಿರಿ. ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡಿದ್ದರೆ, ಗೇರಿನಲ್ಲಿ ನಿಲ್ಲಿಸಿದ ವಾಹನವೂ ಉರುಳುತ್ತದೆ. ಇದನ್ನು ಮರೆತು ಯಾರೂ ಅಡಿಗೆ ನುಗ್ಗಬಾರದು.

1. ಬ್ಯಾಟರಿ: ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸಬೇಕು. ಬ್ಯಾಟರಿ ಸೋತಿದ್ದರೆ ಪೆಟ್ಟಿಗೆಗಳು ತಾವಾಗಿ ಮೌನವಾಗುತ್ತವೆ. ಚಾರ್ಜು ಮಾಡಿಸಿ, ಸಂಕೇತ ಅಳಿಸಿ, ಅದು ಮತ್ತೆ ಬರುವುದೋ ನೋಡಿರಿ.

2. ಫ್ಯೂಸು ಮತ್ತು ಅರ್ಥ್: ಫೋರ್ ವೀಲ್ ಪೆಟ್ಟಿಗೆಯ ಫ್ಯೂಸನ್ನು ಕಣ್ಣಿನಿಂದ ನೋಡಿ ಬಿಡದೆ ಟೆಸ್ಟ್ ಲ್ಯಾಂಪಿನಿಂದ ಪರೀಕ್ಷಿಸಿರಿ. ಚಾಸಿಗೆ ಕೂಡುವ ಅರ್ಥ್ ಬೋಲ್ಟನ್ನು ಬಿಚ್ಚಿ ತುಕ್ಕು ಉಜ್ಜಿ ಬಿಗಿ ಮಾಡಿರಿ.

3. ಕನೆಕ್ಟರು ಮತ್ತು ತಂತಿ: ವಾಹನದ ಅಡಿಯ ಕನೆಕ್ಟರುಗಳಲ್ಲಿ ಕೆಸರು ನೀರು ಸೇರಿ ಪಿನ್ನುಗಳು ಹಸಿರುಗಟ್ಟುತ್ತವೆ. ಕಬ್ಬಿನ ತರಗು ಇರುವ ಕಡೆ ವಾಹನ ನಿಲ್ಲಿಸುವವರು ಇಲಿ ಕಡಿದ ತಂತಿಯನ್ನು ತಪ್ಪದೆ ಹುಡುಕಬೇಕು.

4. 60 ಓಮ್ ಪರೀಕ್ಷೆ: ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಸ್ವಲ್ಪ ಹೊತ್ತು ಕಾಯಿರಿ. ಹಲವು ವಾಹನಗಳಲ್ಲಿ ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳೇ ಆ ಎರಡು ತಂತಿಗಳು; ನಿಮ್ಮ ವಾಹನದ ನಕ್ಷೆ ನೋಡಿ ಖಚಿತಪಡಿಸಿಕೊಳ್ಳಿರಿ. ಜಾಲದ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ಮೀಟರು ಸುಮಾರು 60 ಓಮ್ ತೋರಿಸಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳೂ ಒಂದಕ್ಕೊಂದು ತಗುಲಿವೆ. ಆದರೆ 60 ಬಂದ ಮಾತ್ರಕ್ಕೆ ಕವಲು ತಂತಿಗಳೂ ಸರಿಯಿವೆ ಎಂದು ತೀರ್ಮಾನಿಸಬೇಡಿರಿ. ಫೋರ್ ವೀಲ್ ಪೆಟ್ಟಿಗೆಯ ಕನೆಕ್ಟರಿನ ಬಳಿಯೂ ಅಳೆಯಿಸಿರಿ.

5. ತಂತಿಗಳು ತಗುಲಿವೆ ಎಂದು ಕಂಡರೆ ಪೆಟ್ಟಿಗೆಗಳ ಕನೆಕ್ಟರನ್ನು ಒಂದೊಂದಾಗಿ ಬಿಡಿಸಿರಿ. ಯಾವುದನ್ನು ಬಿಡಿಸಿದಾಗ ದೋಷ ಮಾಯವಾಗುವುದೋ, ದೋಷವಿರುವುದು ಆ ಪೆಟ್ಟಿಗೆಯಲ್ಲಿ ಅಥವಾ ಅದರ ಕವಲಿನಲ್ಲಿ.

ಮಾಡಬಾರದ್ದು

ಕಡಿದ ತಂತಿಯನ್ನು ತಿರುಚಿ ಟೇಪು ಸುತ್ತಿ ಬಿಡಬೇಡಿರಿ. ಬೆಸುಗೆ ಹಾಕಿಸಿ, ನೀರು ಹೋಗದಂತೆ ಮುಚ್ಚಿಸಿ, ಎರಡು ತಂತಿಗಳನ್ನೂ ಮೊದಲಿನಂತೆ ಹೆಣೆಸಿರಿ. ಟ್ರೇಲರ್ ಕೊಂಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಸಂಪರ್ಕ ತೆಗೆಸದೆ ಇರಬೇಡಿರಿ. ಕನೆಕ್ಟರುಗಳ ಮೇಲೆ ನೇರವಾಗಿ ಪ್ರೆಷರ್ ನೀರು ಹೊಡೆಸಬೇಡಿರಿ. ರಿಪೇರಿಯಾದ ಮೇಲೆ ಪರೀಕ್ಷೆ ಮಣ್ಣಿನ ದಾರಿಯಲ್ಲಿ ನಡೆಯಲಿ. ಅಗತ್ಯವಿದ್ದಾಗ ಮಾತ್ರ ಹಾಕುವ ಫೋರ್ ವೀಲನ್ನು ಒಣಗಿದ ಟಾರು ರಸ್ತೆಯಲ್ಲಿ ಓಡಿಸಿದರೆ ಗೇರುಗಳ ಮೇಲೆ ಬಿಗಿ ಬೀಳುತ್ತದೆ.

ಕೊನೆಯ ಮಾತು

ಹೊಸ ಪೆಟ್ಟಿಗೆ ತಂದರೂ ಅನೇಕ ವಾಹನಗಳಲ್ಲಿ ಅದನ್ನು ಆ ವಾಹನಕ್ಕೆ ಹೊಂದಿಸಿ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಮಾಡಿಸಬೇಕಾಗುತ್ತದೆ. ಖರ್ಚು ಅಲ್ಲಿಗೇ ನಿಲ್ಲುವುದಿಲ್ಲ. ಆದ್ದರಿಂದ ಮೆಕ್ಯಾನಿಕ್ಕನ್ನು ಮೂರು ಪ್ರಶ್ನೆ ಕೇಳಿರಿ: ಪೆಟ್ಟಿಗೆಗೆ ಕರೆಂಟು ಬರುತ್ತಿದೆಯೇ? ಅರ್ಥ್ ಸರಿಯಿದೆಯೇ? ಆ ಪೆಟ್ಟಿಗೆಯವರೆಗೂ ತಂತಿಗಳು ಸರಿಯಿವೆಯೇ? ಮೂರಕ್ಕೂ ಮೀಟರು ಹಿಡಿದು "ಹೌದು" ಎಂದು ತೋರಿಸಿದ ಮೇಲೆ ಮಾತ್ರ ಪೆಟ್ಟಿಗೆ ಬದಲಿಸುವ ಮಾತು. ಅಲ್ಲಿಯವರೆಗೆ ಹಣ ನಿಮ್ಮ ಜೇಬಿನಲ್ಲಿಯೇ ಇರಲಿ.