ಕಾಯಕವನ್ನು ಹೇಳಿಕೊಳ್ಳುವುದು ಆತ್ಮಸ್ತುತಿಯೇ?

ಘಟ್ಟದ ಮೇಲಿಂದ ಇಳಿದು ಬೆಳ್ತಂಗಡಿಯ ಬಳಿಯ ಲಾಯಿಲದಂತಹ ಊರುಗಳಲ್ಲಿ ನೆಲೆಸಿ, ನೌಕರಿಯಿಂದ ಸಂಸಾರ ನಡೆಸುವ ಲಿಂಗವಂತ ಗೃಹಸ್ಥರಿಗೆ ಒಂದು ಸಂದೇಹವು ಬರುವುದುಂಟು. ಸರ್ಕಾರಿ ನೌಕರನ ಮುಂದೆ ವರ್ಷಕ್ಕೊಮ್ಮೆ ಕಾರ್ಯನಿರ್ವಹಣಾ ವರದಿಯ ಹಾಳೆ ಬರುತ್ತದೆ. ತಾನು ಮಾಡಿದ ಕೆಲಸವನ್ನು ಅದರಲ್ಲಿ ತಾನೇ ಬರೆಯಬೇಕು. ಶರಣಧರ್ಮದಲ್ಲಿ ಬೆಳೆದವನ ಲೇಖನಿ ಅಲ್ಲಿ ನಿಂತುಬಿಡುತ್ತದೆ. ಬರೆದರೆ ಅಹಂಕಾರವಾದೀತೆಂಬ ಅಳುಕು. ಬರೆಯದಿದ್ದರೆ ಬಡ್ತಿಯು ಅನ್ಯರ ಪಾಲು. ಮಕ್ಕಳ ವಿದ್ಯೆಗೂ ಮನೆಯ ದಾಸೋಹಕ್ಕೂ ಒದಗಬೇಕಾದುದು ಅಷ್ಟರಮಟ್ಟಿಗೆ ಕುಂದುತ್ತದೆ. ಆದುದರಿಂದ ಇದು ಸಣ್ಣ ಸಂದೇಹವಲ್ಲ.

ಸಂದೇಹದ ಮೂಲವು ಬಸವಣ್ಣನವರ ಪ್ರಸಿದ್ಧವಾದ ಸಪ್ತಶೀಲದ ವಚನದಲ್ಲಿದೆ. ತನ್ನನ್ನು ತಾನು ಬಣ್ಣಿಸಿಕೊಳ್ಳಬಾರದೆಂಬುದು ಅಲ್ಲಿಯ ಒಂದು ವಿಧಿ. ಆದರೆ ಪದದ ಅರ್ಥವನ್ನು ವಿಚಾರಿಸಬೇಕು. ‘ಬಣ್ಣಿಸು’ ಎಂಬುದು ‘ವರ್ಣಿಸು’ ಎಂಬುದರ ತದ್ಭವ. ಇದ್ದುದಕ್ಕೆ ಬಣ್ಣ ಬಳಿಯುವುದೆಂಬ ಧ್ವನಿಯೂ ಅದರಲ್ಲಿದೆ. ಹತ್ತು ಕಡತಗಳನ್ನು ಮುಗಿಸಿದವನು ನೂರೆಂದರೆ ಅದು ಬಣ್ಣ, ಹತ್ತೆಂದರೆ ಲೆಕ್ಕ. ಹುಸಿಯಾಡಬಾರದೆಂಬ ವಿಧಿಯೂ ಅದೇ ವಚನದಲ್ಲಿರುವುದನ್ನು ಅನೇಕರು ಮರೆಯುತ್ತಾರೆ. ಕೇಳಿದಾಗ ಮಾಡಿದುದನ್ನು ಮಾಡಲಿಲ್ಲವೆಂಬಂತೆ ಮರೆಸುವುದು ವಿನಯವೆಂದು ತೋರಿದರೂ ಸತ್ಯಕ್ಕೆ ಸಮೀಪವಾದುದಲ್ಲ.

ಬಸವಣ್ಣನವರೇ ನೌಕರಿಯಲ್ಲಿದ್ದವರು. ಹರಿಹರನ ‘ಬಸವರಾಜದೇವರ ರಗಳೆ’ಯ ಪ್ರಕಾರ, ಮಂಗಳವಾಡದಲ್ಲಿ ಕರಣಿಕರು ತಪ್ಪಿದ ಲೆಕ್ಕವನ್ನು ತೋರಿಸಿಕೊಟ್ಟುದರಿಂದಲೇ ಅವರಿಗೆ ಉದ್ಯೋಗ ದೊರೆಯಿತು. ಹೊಸಬನಾದ ತನಗೇಕೆ ಈ ಮಾತೆಂದು ಅಂದು ಅವರು ಸುಮ್ಮನಿರಲಿಲ್ಲ. ಮುಂದೆ ಬಿಜ್ಜಳನ ಭಂಡಾರಿಯಾಗಿದ್ದಾಗ ಕೊಂಡೆಯರು, ರಾಜನ ಹೊನ್ನನ್ನೆಲ್ಲ ಬಸವನು ಜಂಗಮರಿಗೆ ಸುರಿದನೆಂದು ದೂರಿದರು. ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣವನ್ನು ಅನುಸರಿಸಿ 1369ರಲ್ಲಿ ಭೀಮಕವಿಯು ರಚಿಸಿದ ‘ಬಸವಪುರಾಣ’ದಿಂದ ಈ ಪ್ರಸಂಗವು ಮನೆಮನೆಗೆ ತಿಳಿದುದಾಗಿದೆ. ಬಸವಣ್ಣನವರು ಕೋಪಿಸಲಿಲ್ಲ, ಮೌನವನ್ನೂ ಹಿಡಿಯಲಿಲ್ಲ. ಭಂಡಾರವನ್ನು ತೆರೆಯಿಸಿ ತೋರಿಸಿದರು. ಹೊನ್ನು ಕುಂದದೆ ಇದ್ದುದನ್ನು ಭಕ್ತರು ಶಿವಮಹಿಮೆಯೆಂದು ಭಾವಿಸುತ್ತಾರೆ, ಅದು ಯುಕ್ತವೇ. ಆದರೆ ಲೆಕ್ಕವನ್ನು ಪ್ರಭುವಿನ ಮುಂದಿಟ್ಟುದು ಭಂಡಾರಿಯ ಕೆಲಸ. ಎಲ್ಲರಿಗಿಂತ ತಾನೇ ಕಿರಿಯನೆಂದುಕೊಂಡ ಮಹಾನುಭಾವರೇ ಅಂದು ತಮ್ಮ ಕಾಯಕದ ಶುದ್ಧಿಯ ಪರವಾಗಿ ಎದ್ದುನಿಂತರು! ಅವರು ಸುಮ್ಮನಿದ್ದಿದ್ದರೆ ಕಳಂಕವು ಅವರೊಬ್ಬರದಾಗುತ್ತಿರಲಿಲ್ಲ. ದಾಸೋಹಕ್ಕೇ ಕಳ್ಳತನದ ಹೆಸರು ಬರುತ್ತಿತ್ತು.

ಶರಣರ ಹೆಸರುಗಳನ್ನಾದರೂ ನೋಡಬಹುದು. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ. ಬಟ್ಟೆ ಒಗೆಯುವುದನ್ನಾಗಲಿ ಹಗ್ಗ ಹೊಸೆಯುವುದನ್ನಾಗಲಿ ಇವರು ಮರೆಮಾಚಲಿಲ್ಲ. ಕಾಯಕವು ಹೆಸರಿನ ಮುಂದೆಯೇ ನಿಂತಿತು. ವಚನದ ಅಂಕಿತದಲ್ಲಿ ಮಾತ್ರ ತಮ್ಮ ಇಷ್ಟದೈವವನ್ನಿರಿಸಿದರು. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿ ಬಳಸಿದರು. ಅವರನ್ನು ಅಹಂಕಾರಿಯೆನ್ನುವ ಧೈರ್ಯ ಯಾರಿಗಿದೆ?

ಎಲ್ಲೆಯೂ ಉಂಟು. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಹಾಕಿಸಿದರು. ಇನ್ನೊಬ್ಬನ ದುಡಿಮೆಯನ್ನು ತನ್ನ ವರದಿಗೆ ಸೇರಿಸಿಕೊಳ್ಳುವವನ ಸೆರಗಿನಲ್ಲಿಯೂ ಅಂತಹ ಹೆಚ್ಚಿನ ಅಕ್ಕಿಯೇ ಇರುತ್ತದೆ.

ಹಾಗಾದರೆ ಗೃಹಸ್ಥನು ಏನು ಬರೆಯಬೇಕು? ಯಾವ ಕೆಲಸವನ್ನು ವಹಿಸಲಾಗಿತ್ತು, ಎಷ್ಟು ಮುಗಿಯಿತು, ಎಷ್ಟು ಉಳಿಯಿತು, ಯಾರು ನೆರವಾದರು ಎಂಬಿಷ್ಟನ್ನು ತಾರೀಖು ಸಂಖ್ಯೆಗಳೊಡನೆ ಬರೆಯಬಹುದು. ‘ಅತ್ಯುತ್ತಮ’, ‘ಅಪೂರ್ವ’ ಎಂಬ ವಿಶೇಷಣಗಳನ್ನು ಮೇಲಧಿಕಾರಿಗೆ ಬಿಡುವುದು ಲೇಸು. ವರ್ಷಾಂತ್ಯದಲ್ಲಿ ನೆನಪು ಕೈಕೊಡುವುದರಿಂದ ತಿಂಗಳಿಗೊಮ್ಮೆ ಒಂದು ಪುಸ್ತಕದಲ್ಲಿ ಗುರುತುಹಾಕಿಕೊಳ್ಳುವುದು ಅನುಕೂಲ. ಮಾಡಿದ ಕೆಲಸವು ಬೇರೊಬ್ಬರ ಹೆಸರಿಗೆ ಹೋಗಿದ್ದರೆ, ಅವರನ್ನು ಹಳಿಯದೆ, ಕಡತವನ್ನು ತೆರೆದಿಟ್ಟು ಲಿಖಿತವಾಗಿ ಮನವಿ ಮಾಡಿಕೊಳ್ಳುವುದಕ್ಕೆ ಶರಣಧರ್ಮದ ಅಡ್ಡಿಯಿಲ್ಲ.