ಗೇಟು ಯಾರದ್ದು, ಸಂಬಳ ಯಾರದ್ದು?

ತೋರಣಗಲ್ಲಿನಲ್ಲಿ ಕೆಲಸ ಸಿಕ್ತು ಅಂತ ಪತ್ರ ಕೈಗೆ ಬರೋದಕ್ಕೂ ಮೊದಲೇ ಸ್ಟೇಟಸ್ ಹಾಕಿದೆ. ಪೇಡೆಯೂ ಹಂಚಿದೆ. ಸಂತೋಷ. ನಿನ್ನ ಕೈ ಚುರುಕು, ತಲೆಯೂ ಚುರುಕು, ಕಣ್ಣು ಮಾತ್ರ ಸ್ವಲ್ಪ ನಿಧಾನ. ಪತ್ರದ ಮೇಲ್ಗಡೆ ಯಾರ ಹೆಸರು ಅಚ್ಚಾಗಿದೆ ಅಂತ ಕೇಳಿದರೆ, "ಯಾವುದೋ ಏಜೆನ್ಸಿ ತಾತಾ, ಅದೆಲ್ಲ ಫಾರ್ಮಾಲಿಟಿ" ಅಂತೀಯ. ಆ ಫಾರ್ಮಾಲಿಟಿಯೇ ನಿನ್ನ ಧಣಿ, ಮಗಾ. ನಾಳೆ ಸಂಬಳ ತಡವಾದರೆ ನೀನು ಮೊದಲು ಫೋನ್ ಹಚ್ಚಬೇಕಾದ್ದು ಅಲ್ಲಿಗೆ.

ಏಜೆನ್ಸಿ ಅಂದರೆ ಕಳ್ಳರು ಅಂತ ನಾನು ಹೇಳ್ತಿಲ್ಲ. ನಡುವೆ ಒಬ್ಬರು ನಿಂತು ಆಳು ಒದಗಿಸೋದು ನಮ್ಮ ಸೀಮೆಗೆ ಹೊಸದೇನಲ್ಲ. ಕಂಪ್ಲಿ ಕಡೆ ಭತ್ತದ ನಾಟಿಗೆ ಇವತ್ತಿಗೂ ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡಿಕೊಂಡೇ ಹೆಂಗಸರ ಗುಂಪು ಗದ್ದೆಗೆ ಇಳಿಯೋದು. ಗುಂಪಿನ ಮುಂದಾಳು ರೈತನ ಹತ್ತಿರ ದುಡ್ಡು ಇಸಕೊಂಡು ಎಲ್ಲರಿಗೂ ಹಂಚ್ತಾಳೆ. ಒಂದು ನೋಟು ಹೆಚ್ಚಿಗೆ ಸೆರಗಿಗೆ ಕಟ್ಟಿಕೊಂಡಳೋ, ಮರುದಿನ ಓಣಿಯಲ್ಲಿ ತಲೆ ಎತ್ತಿ ತಿರುಗೋ ಹಾಗಿಲ್ಲ. ನಿನ್ನ ಏಜೆನ್ಸಿಯವರು ಯಾವ ಓಣಿಯವರು ಹೇಳು? ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲೋಕೆ ಆಗದ ಮೇಲೆ, ಅವರ ಕಾಗದವನ್ನಾದರೂ ಸರಿಯಾಗಿ ಓದಬೇಕು.

ಕಂಪನಿಗಳು ಯಾಕೆ ಹೀಗೆ ಮಾಡ್ತಾವೆ ಅನ್ನೋದು ನಮ್ಮೂರಲ್ಲಿ ಇದ್ದವನಿಗೆ ಬಿಡಿಸಿ ಹೇಳಬೇಕಿಲ್ಲ. 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿಗೆ ಬಂದು ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ನನ್ನ ಓರಗೆಯವರು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಕಾರ್ಡು ನವೀಕರಿಸುತ್ತಾ ನವೀಕರಿಸುತ್ತಾ ಗಡ್ಡ ಬೆಳ್ಳಗೆ ಮಾಡಿಕೊಂಡರು. ಸರ್ಕಾರಿ ಕಾರ್ಖಾನೆ ಮೇಲೇಳಲೇ ಇಲ್ಲ. 1994ರಲ್ಲಿ ಜಿಂದಾಲ್ ಕಂಪನಿ ಹುಟ್ಟಿದ ಮೇಲೆ ಅಲ್ಲಿ ಕುಲುಮೆ ಕಂಡಿದ್ದು. ಆಮೇಲೆ ಅದಿರಿನ ಕಾಲ ಬಂತು. ಸಂಡೂರು, ಹೊಸಪೇಟೆಯ ಹುಡುಗರು ಐಟಿಐ ಅರ್ಧಕ್ಕೆ ಬಿಟ್ಟು ಲಾರಿ ಹತ್ತಿದರು, ಸಾಲ ಮಾಡಿ ಟಿಪ್ಪರ್ ಕೊಂಡರು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತವು, ಬ್ಯಾಂಕಿನ ಕಂತು ನಿಲ್ಲಲಿಲ್ಲ. ಸರ್ಕಾರಿ ಗಣಿಯಾದರೆ ಭದ್ರ ಅನ್ನೋ ಹಾಗೂ ಇಲ್ಲ. ದೋಣಿಮಲೈನಲ್ಲಿ ಎನ್‌ಎಂಡಿಸಿ ಗಣಿಯೇ 2018ರ ನವೆಂಬರಿನಲ್ಲಿ ನಿಂತು, ಮತ್ತೆ ಶುರುವಾಗಿದ್ದು 2021ರಲ್ಲಿ. ಹೊಳೆಯ ಆಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಕೆಡವಿದಾಗ, ಅಲ್ಲಿ ತಟ್ಟೆ ತೊಳೆಯೋರಿಂದ ಹಿಡಿದು ಬೈಕ್ ಬಾಡಿಗೆಗೆ ಕೊಡೋರ ತನಕ ಎಲ್ಲರೂ ಬೇರೆ ದಾರಿ ಹುಡುಕಬೇಕಾಯಿತು. ಹೀಗೆ ಏರಿ ಇಳಿಯೋ ವ್ಯಾಪಾರದಲ್ಲಿ ಯಾವ ಕಂಪನಿಯಾದರೂ ಎಲ್ಲರನ್ನೂ ತನ್ನ ಪುಸ್ತಕದಲ್ಲೇ ಬರಕೊಳ್ಳೋಕೆ ಹಿಂಜರಿತದೆ. ಬೇಕಾದಾಗ ಏಜೆನ್ಸಿಗೆ ಫೋನು, ಬೇಡವಾದಾಗ ಏಜೆನ್ಸಿಗೇ ಫೋನು. ನಿನಗೆ ಯಾರೂ "ಬೇಡ" ಅನ್ನೋದೇ ಇಲ್ಲ, ಗೇಟ್ ಪಾಸು ನವೀಕರಣ ಆಗೋದಿಲ್ಲ, ಅಷ್ಟೇ.

ಏಜೆನ್ಸಿಯವರು ನಿನಗೆ ಎಷ್ಟು ಅಕ್ಕರೆಯಿಂದ ಫೋನ್ ಮಾಡ್ತಾರೆ ಅಂತ ಹೊಗಳ್ತಿದ್ದೆಯಲ್ಲ, ಅದರ ಒಳಗುಟ್ಟು ಕೇಳು. ಕಂಪನಿಗೆ ಆಳು ಹುಡುಕಿಕೊಟ್ಟರೆ ಏಜೆನ್ಸಿಗೆ ಕಂಪನಿಯೇ ಹಣ ಕೊಡ್ತದೆ. ವರ್ಷದ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಅನ್ನೋದು ಬಹಳ ಕಡೆ ನಡೆಯೋ ಲೆಕ್ಕ. ಹುಡುಗ ಮೂರು ತಿಂಗಳ ಒಳಗೆ ಬಿಟ್ಟರೆ ಪುಕ್ಕಟೆಯಾಗಿ ಬೇರೆಯವನನ್ನು ಕೊಡಬೇಕು ಅನ್ನೋ ಕರಾರೂ ಸಾಮಾನ್ಯ. ಅದಕ್ಕೇ ತೊಂಬತ್ತು ದಿನ "ಊಟ ಆಯ್ತಾ ಬ್ರೋ" ಅಂತ ಕೇಳ್ತಾರೆ. ತೊಂಬತ್ತೊಂದನೇ ದಿನ ನೀನೇ ಫೋನ್ ಮಾಡಿ ನೋಡು! ಇನ್ನು, ಅವರ ಹಣ ಕಂಪನಿಯಿಂದ ಬರೋದಾದ ಮೇಲೆ ನಿನ್ನ ಹತ್ತಿರ ರಿಜಿಸ್ಟ್ರೇಷನ್, ಯೂನಿಫಾರಂ, ಟ್ರೈನಿಂಗ್ ಅಂತ ಕೇಳೋದು ಯಾಕೆ? ಕೆಲಸ ಕೊಡ್ತೀನಿ, ಮೊದಲು ಫೋನ್‌ಪೇ ಮಾಡು ಅಂದವನ ನಂಬರು ಅಲ್ಲೇ ಬ್ಲಾಕ್ ಮಾಡು. ನಿಮ್ಮಮ್ಮನ ಬಳೆ ಅಡ ಇಡೋ ಮಾತು ಮನೆಯಲ್ಲಿ ಬರಲೇಬಾರದು.

ಈಗ ಆ ಪತ್ರ ತೆಗಿ. ತಿಂಗಳಿಗೆ ಇಪ್ಪತ್ತು ಸಾವಿರ ಅಂದೆ. ಅದು ಸಿಟಿಸಿಯೋ, ಕೈಗೆ ಬರೋದೋ? ಮೂಲ ವೇತನ 15,000 ಇದ್ದರೆ ಪಿಎಫ್‌ಗೆ ನಿನ್ನ ಪಾಲು ಶೇ. 12, ಅಂದರೆ 1,800 ರೂಪಾಯಿ ಹಿಡೀತಾರೆ. ಮಾಲೀಕರ ಪಾಲೂ ಅಷ್ಟೇ, ಸಿಟಿಸಿ ಆದರೆ ಅದನ್ನೂ ಆ ಇಪ್ಪತ್ತರ ಒಳಗೇ ಸೇರಿಸಿರ್ತಾರೆ. ಹಿಡಿದದ್ದು ತಪ್ಪಲ್ಲ, ಕಟ್ಟದೆ ಇದ್ದರೆ ತಪ್ಪು. ಪಿಎಫ್‌ನ ಯುಎಎನ್ ನಂಬರು ಬಂದ ದಿನವೇ ಚಾಲೂ ಮಾಡಿಕೊಂಡು, ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ನೋಡ್ತಾ ಇರು. ರೀಲ್ಸ್ ನೋಡೋ ಬೆರಳಿಗೆ ಇದೇನು ಭಾರ ಅಲ್ಲ. ಗುತ್ತಿಗೆದಾರ ಬದಲಾದಾಗ ನೀನು ಅದೇ ಯಂತ್ರದ ಮುಂದೆಯೇ ನಿಂತಿರ್ತೀಯ, ಹೆಲ್ಮೆಟ್ಟಿನ ಬಣ್ಣವೂ ಅದೇ ಇರ್ತದೆ, ಕಾಗದದಲ್ಲಿ ಮಾತ್ರ ಹೊಸಬ ಆಗಿಬಿಡ್ತೀಯ. ಆಗ ಹಳೇ ಯುಎಎನ್ ನಂಬರನ್ನೇ ಕೊಡು. ಇಲ್ಲದಿದ್ದರೆ ನಿನ್ನ ದುಡ್ಡು ನಾಲ್ಕು ಖಾತೆಯಲ್ಲಿ ಚದುರಿ ಕೂತು, ತಂಗಿ ಮದುವೆ ಹೊತ್ತಿಗೆ ಪಿಎಫ್ ಆಫೀಸಿಗೆ ಅಲೆದಾಟ ಶುರುವಾಗ್ತದೆ.

ಇನ್ನೊಂದು ಪ್ರಶ್ನೆ ನಾಚಿಕೆ ಬಿಟ್ಟು ಕೇಳು. ಕಂಪನಿಯೇ ನೇರವಾಗಿ ಇಷ್ಟು ಅವಧಿಗೆ ಅಂತ ತಗೊಂಡಿದೆಯೋ, ಗುತ್ತಿಗೆದಾರನ ಮೂಲಕ ತಗೊಂಡಿದೆಯೋ? 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇರ ನಿಗದಿತ ಅವಧಿಯವರಿಗೆ ಒಂದು ವರ್ಷ ದುಡಿದರೂ ಗ್ರ್ಯಾಚುಟಿ ಉಂಟು. ಗುತ್ತಿಗೆದಾರನ ಆಳಿಗೆ ಆ ಮಾತು ಅಷ್ಟು ಸಲೀಸಾಗಿ ಅನ್ವಯಿಸೋದಿಲ್ಲ. ನೇಮಕಾತಿ ಪತ್ರ ಕೊಡಲೇಬೇಕು ಅನ್ನೋದೂ ಆ ಸಂಹಿತೆಗಳಲ್ಲೇ ಇದೆ. ಗುತ್ತಿಗೆದಾರ ಕೂಲಿ ಕೊಡದೆ ಕೈ ಎತ್ತಿದರೆ ಮೂಲ ಕಂಪನಿಯೇ ಕೊಡಬೇಕು ಅನ್ನೋದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, ಈಗಲೂ ಇದೆ. ಆದರೆ ಹಕ್ಕು ಕೇಳೋಕೆ ಹಾಜರಿ, ಸಂಬಳದ ಚೀಟಿ, ಗೇಟ್ ಪಾಸಿನ ಫೋಟೋ ಬೇಕಲ್ಲ? ನೀನು ಅವನ್ನೆಲ್ಲ ಪ್ಯಾಂಟಿನ ಜೇಬಲ್ಲಿಟ್ಟು ಒಗೆಯೋಕೆ ಹಾಕೋನು.

ಸರ್ಕಾರಿ ಕಚೇರಿಯ ಹೊರಗುತ್ತಿಗೆ ಸಿಕ್ಕರೆ ಮುಂದೆ ಕಾಯಂ ಆಗೇ ಆಗ್ತದೆ ಅಂತ ನಿನ್ನ ಗೆಳೆಯ ಹೇಳ್ತಾನಂತೆ. ನಮ್ಮ ರಾಜ್ಯದ್ದೇ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ: ನಿಯಮದ ಪ್ರಕಾರ ನೇಮಕ ಆಗದವರು, ಬಹಳ ದಿನ ದುಡಿದೆವು ಅನ್ನೋ ಕಾರಣಕ್ಕೇ ಕಾಯಂ ಮಾಡಿ ಅಂತ ಕೇಳೋ ಹಾಗಿಲ್ಲ. ಅಲ್ಲಿ ಸೇರೋದಾದರೆ ಸೇರಲಿ, ಆದರೆ ಸಂಜೆ ಹೊತ್ತು ಪರೀಕ್ಷೆಗೆ ಓದಲಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಮೀಸಲಾತಿ ಇರೋದು ನೇಮಕಾತಿಗೆ, ಕಾಯುವಿಕೆಗೆ ಅಲ್ಲ.

ನಿನಗೆ ಇರೋ ಕೆಟ್ಟ ಚಾಳಿ ಇನ್ನೊಂದು. ಐನೂರು ರೂಪಾಯಿ ಹೆಚ್ಚು ಅಂದರೆ ಹೇಳದೆ ಕೇಳದೆ ಜಿಗಿಯೋದು. ಬಿಡೋದು ತಪ್ಪಲ್ಲಪ್ಪಾ. ನೋಟಿಸು ಕೊಡು, ರಿಲೀವಿಂಗ್ ಪತ್ರ ಇಸಕೊ, ಸೂಪರ್‌ವೈಸರ್‌ಗೆ ಒಂದು ಮಾತು ಹೇಳಿ ಬಾ. ಈಗ ಸೇರೋ ಮುಂಚೆ ಹಿಂದಿನ ಕಡೆ ವಿಚಾರಿಸೋದಕ್ಕೇ ಬೇರೆ ಏಜೆನ್ಸಿ ಇಟ್ಟಿದ್ದಾರೆ. ಸುಳ್ಳು ಅನುಭವ ಪತ್ರ ಮಾಡಿಸಿಕೊಡೋರು ಹೊಸಪೇಟೆಯಲ್ಲೂ ಸಿಗ್ತಾರೆ, ಅದು ಸಿಕ್ಕಿಬೀಳೋದು ಮಾತ್ರ ಹೈದರಾಬಾದಿನಲ್ಲಿ. ಗುತ್ತಿಗೆದಾರ ಮೂರು ಸಲ ಬದಲಾದರೂ "ಆ ಹುಡುಗನ್ನ ಬಿಡಬೇಡಿ" ಅಂತ ಕಂಪನಿಯವರೇ ಹೇಳಿ ಉಳಿಸಿಕೊಂಡ ವೆಲ್ಡರ್ ಒಬ್ಬನನ್ನ ನಾನು ಬಲ್ಲೆ. ದೊಡ್ಡ ವಿದ್ಯೆ ಏನಿಲ್ಲ. ಶಿಫ್ಟ್ ಮುಗಿದ ಮೇಲೆ ಸಾಮಾನು ಒರೆಸಿ ಇಡ್ತಾನೆ, ಬದಲಿಗೆ ಬಂದವನಿಗೆ ಎಲ್ಲಿ ತೊಂದರೆ ಇದೆ ಅಂತ ಹೇಳಿ ಹೋಗ್ತಾನೆ, ಹಬ್ಬದ ಮರುದಿನ ಹಾಜರಿರ್ತಾನೆ.

ನಾಳೆ ಏಜೆನ್ಸಿ ಹುಡುಗಿ ಫೋನ್ ಮಾಡಿದಾಗ ಇದನ್ನೆಲ್ಲ ಕೇಳು, ಆದರೆ ರೇಗಾಡಬೇಡ. ಪಾಪ, ದಿನಕ್ಕೆ ಇಷ್ಟು ಜನರಿಗೆ ಮಾತಾಡಬೇಕು ಅಂತ ಅವಳ ತಲೆ ಮೇಲೂ ಟಾರ್ಗೆಟ್ ಇಟ್ಟಿರ್ತಾರೆ. ಕೊನೆಗೆ ಮೆಲ್ಲಗೆ ವಿಚಾರಿಸು, "ಅಕ್ಕಾ, ನಿಮ್ಮ ಪಿಎಫ್ ಯಾರು ಕಟ್ತಾರೆ?" ಅವಳದ್ದೂ ಇನ್ನೊಂದು ಏಜೆನ್ಸಿಯ ಪತ್ರವೇ ಇದ್ದೀತು.